ಗದ್ದದ ಮೇಲಿನ ಕುರು, ಬಾಚಿಹಲ್ಲಿನ ಎರಡನೇ ನಾಳ: ಒಂದು ಪ್ರಕರಣ ಅಧ್ಯಯನ

ಗದ್ದದ ಚರ್ಮದ ಮೇಲೆ, ನಡುಗೆರೆಗಿಂತ ತುಸು ಎಡಕ್ಕೆ, ಕಡಲೆಕಾಳಿನಷ್ಟು ಗಾತ್ರದ ಒಂದು ಕುರು. ಉಬ್ಬುವುದು, ಒಡೆದು ಕೀವು ಸೋರುವುದು, ಹಕ್ಕಳೆ ಕಟ್ಟುವುದು, ಎರಡು ಮೂರು ವಾರಕ್ಕೆ ಮತ್ತೆ ಉಬ್ಬುವುದು. ಹೀಗೆ 14 ತಿಂಗಳು ನಡೆದಿತ್ತು. ನೋವು ಅಷ್ಟಕ್ಕಷ್ಟೆ. ಹಲ್ಲುನೋವಂತೂ ಇಲ್ಲವೇ ಇಲ್ಲ. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ರೋಗಿಗೂ ಅನಿಸಲಿಲ್ಲ, ನೋಡಿದವರಿಗೂ ಹೊಳೆಯಲಿಲ್ಲ.

ಶಸ್ತ್ರಚಿಕಿತ್ಸೆ ಇಲ್ಲದೆ, ಬರೀ ರೂಟ್ ಕೆನಾಲ್‌ನಿಂದ (ಹಲ್ಲಿನ ಬೇರಿನೊಳಗಿನ ನಾಳವನ್ನು ತೊಳೆದು ತುಂಬುವ ಚಿಕಿತ್ಸೆ) ಬೇರಿನ ತುದಿಯ ಸೋಂಕು ಗುಣವಾದ ಪ್ರಕರಣ ಇದು. ಆದರೆ ನೇರವಾಗಿ ಗುಣವಾಗಲಿಲ್ಲ. ನಡುವೆ ನಾಲ್ಕು ವಾರ ಚಿಕಿತ್ಸೆ ಸೋತಂತೆ ಕಂಡಿತು. ಬರೆಯಲು ಕಾರಣವೂ ಆ ನಾಲ್ಕು ವಾರಗಳೇ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಡಲಾಗಿದೆ, ಕೆಲವನ್ನು ಬದಲಿಸಲಾಗಿದೆ.

ಹಿನ್ನೆಲೆ

ಮಲೆನಾಡಿನ 31 ವರ್ಷದ ಪುರುಷ. ಅಡಿಕೆ ತೋಟದ ಕೆಲಸ. ಎಲೆ-ಅಡಿಕೆ ಹಾಕುವ ಅಭ್ಯಾಸ ಉಂಟು. ಸಕ್ಕರೆ ಕಾಯಿಲೆ ಇಲ್ಲ, ಬೇರೆ ಔಷಧ ತೆಗೆದುಕೊಳ್ಳುವುದಿಲ್ಲ.

ಮೊದಲಿಗೆ ಮನೆಮದ್ದು ನಡೆಯಿತು. ಅರಿಶಿನ-ಸುಣ್ಣ ಕಲಸಿ ಹಚ್ಚಿದರು. ಆಮೇಲೆ ಕ್ಷೌರದಿಂದ ಆದ ಕೂದಲ ಬುಡದ ಸೋಂಕು ಎಂದು ಭಾವಿಸಿ ಮುಲಾಮು, ಜೊತೆಗೆ ಆ್ಯಂಟಿಬಯೋಟಿಕ್. ಗಡ್ಡ ಇರುವ ಜಾಗವಾದ್ದರಿಂದ ಆ ಊಹೆ ಅಸಹಜವೇನಲ್ಲ. ಒಟ್ಟು ಮೂರು ಸಲ ಆ್ಯಂಟಿಬಯೋಟಿಕ್ ಕೋರ್ಸ್ ಆಯಿತು. ಪ್ರತಿ ಸಲವೂ ಮಾತ್ರೆ ನುಂಗುವಷ್ಟು ದಿನ ಕೀವು ಕಡಿಮೆಯಾಗುತ್ತಿತ್ತು, ನಿಲ್ಲಿಸಿದ ಮೇಲೆ ಮರಳುತ್ತಿತ್ತು. ಒಂಬತ್ತನೇ ತಿಂಗಳಲ್ಲಿ ಗಂಟನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಲಾಯಿತು. ತೆಗೆದ ತುಂಡಿನ ಬಯಾಪ್ಸಿಯಲ್ಲಿ ಹಳೆಯ ಉರಿಯೂತ ಮತ್ತು ಹೊಸ ಕಣಮಾಂಸ ಕಂಡವು. ಕ್ಷಯದ ಲಕ್ಷಣವಾಗಲಿ, ಕ್ಯಾನ್ಸರ್ ಆಗಲಿ ಇರಲಿಲ್ಲ. ಐದೇ ವಾರದಲ್ಲಿ ಹೊಲಿಗೆಯ ಗುರುತಿನ ಮೇಲೆಯೇ ಕುರು ಮತ್ತೆ ಎದ್ದಿತು.

ಮತ್ತೊಮ್ಮೆ ಕತ್ತರಿಸುವ ಮಾತು ಬಂದಾಗ, ನೋಡಿದ ಶಸ್ತ್ರವೈದ್ಯರು ಕೈಗವಸು ಹಾಕಿದ ಬೆರಳನ್ನು ಕೆಳತುಟಿಯ ಒಳಗಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಹೊರಗಿನ ಗಂಟನ್ನು ಅದುಮಿದರು. ಚರ್ಮದಿಂದ ದವಡೆಮೂಳೆಯ ಕಡೆಗೆ ಹೋಗುವ, ದಾರದಂಥ ಗಟ್ಟಿ ಎಳೆ ಸಿಕ್ಕಿತು. ರೋಗಿಯನ್ನು ದಂತ ವಿಭಾಗಕ್ಕೆ ಕಳಿಸಿದ್ದು ಆ ಎಳೆ. ಚರ್ಮದ ಕುರು ಚರ್ಮದ ಜೊತೆ ಆಚೀಚೆ ಸರಿಯುತ್ತದೆ. ಹಲ್ಲಿನಿಂದ ಹುಟ್ಟಿದ ಕೀವುದಾರಿ ಮೂಳೆಗೆ ಕಟ್ಟಿಹಾಕಿದಂತೆ ನಿಂತಿರುತ್ತದೆ, ನಡುವೆ ಚರ್ಮ ಒಳಕ್ಕೆ ಜಗ್ಗಿ ಗುಳಿ ಬಿದ್ದಿರುತ್ತದೆ.

ಬೇರಿನ ಕೀವು ಬಾಯೊಳಗೆ ಒಡೆಯುವುದೋ ಮುಖದ ಮೇಲೆ ಒಡೆಯುವುದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಸ್ನಾಯು ಅಂಟಿಕೊಂಡ ಜಾಗ. ಗದ್ದದ ಸ್ನಾಯು ದವಡೆಮೂಳೆಗೆ ಹಿಡಿದುಕೊಂಡಿರುವ ಮಟ್ಟಕ್ಕಿಂತ ಮೇಲೆ ಬೇರಿನ ತುದಿಯಿದ್ದರೆ ಕೀವು ತುಟಿಯ ಒಳಮಗ್ಗುಲಲ್ಲಿ, ಒಸಡಿನ ಬಳಿ ಹೊರಬರುತ್ತದೆ. ತುದಿ ಅದಕ್ಕಿಂತ ಕೆಳಗಿದ್ದರೆ ಗದ್ದದ ಚರ್ಮವೇ ಸುಲಭದ ದಾರಿ. ಒತ್ತಡ ಹೊರಹೋಗಲು ಬಾಗಿಲು ಸಿಕ್ಕಿರುವುದರಿಂದ ಹಲ್ಲು ನೋಯುವುದಿಲ್ಲ. ರೋಗಿಗೆ ನೋವಿಲ್ಲ ಎಂಬುದು ಹಲ್ಲಿನ ಕಾರಣವನ್ನು ತಳ್ಳಿಹಾಕುವ ಸಾಕ್ಷಿಯಾಗದು.

ಯಾವ ಹಲ್ಲು?

ಬಾಯಿ ತೆರೆಸಿ ನೋಡಿದರೆ ಕೆಳಗಿನ ಮುಂಭಾಗದ ನಾಲ್ಕು ಬಾಚಿಹಲ್ಲುಗಳಲ್ಲಿ ಒಂದರಲ್ಲೂ ಹುಳುಕಿಲ್ಲ. ಎಡಗಡೆಯ ನಡುವಿನ ಬಾಚಿಹಲ್ಲು, ಅಂದರೆ ಸಂಖ್ಯಾಕ್ರಮದಲ್ಲಿ 31, ಅಕ್ಕಪಕ್ಕದವಕ್ಕಿಂತ ಒಂದು ಛಾಯೆ ಬೂದು. ಅದೂ ಗಾಳಿ ಊದಿ ಒಣಗಿಸಿ, ಬೆಳಕು ಹಿಡಿದು ನೋಡಿದಾಗ. "ಯಾವಾಗಲಾದರೂ ಗದ್ದಕ್ಕೆ ಪೆಟ್ಟು ಬಿದ್ದಿತ್ತಾ?" ಎಂದು ಎರಡನೇ ಸಲ ಕೇಳಿದ ಮೇಲೆ, ಒಂಬತ್ತು ವರ್ಷದ ಹಿಂದೆ ಮಣ್ಣು ರಸ್ತೆಯಲ್ಲಿ ಬೈಕ್ ಜಾರಿ ಹ್ಯಾಂಡಲ್ ಗದ್ದಕ್ಕೆ ಬಡಿದದ್ದು ರೋಗಿಗೆ ನೆನಪಾಯಿತು. ಹಲ್ಲು ಮುರಿಯಲಿಲ್ಲ, ಎರಡು ದಿನ ಅಲುಗಾಡಿ ಸರಿಹೋಯಿತು, ಮರೆತೂಹೋಯಿತು. ಹೀಗೆ ಮರೆತ ಪೆಟ್ಟು ಹಲ್ಲಿನೊಳಗಿನ ಮೃದು ತಿರುಳಿಗೆ ಹೋಗುವ ರಕ್ತನಾಳವನ್ನು ಬೇರಿನ ತುದಿಯಲ್ಲೇ ಕಡಿದಿರಬಹುದು. ಸತ್ತ ತಿರುಳು ವರ್ಷಗಟ್ಟಲೆ ಸುಮ್ಮನಿರುತ್ತದೆ. ಎನಾಮೆಲಿನ ಕೂದಲೆಳೆ ಬಿರುಕುಗಳಿಂದ ಬ್ಯಾಕ್ಟೀರಿಯಾ ಒಳಹೊಕ್ಕ ಮೇಲಷ್ಟೇ ಬೇರಿನ ತುದಿಯಲ್ಲಿ ಮೂಳೆ ಕರಗತೊಡಗುತ್ತದೆ. ಇದು ಬರೀ ತರ್ಕವಲ್ಲ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ತಿರುಳನ್ನು ತೆರೆದು ಬಿಟ್ಟಾಗ, ಸೂಕ್ಷ್ಮಜೀವಿ ಇಲ್ಲದ ವಾತಾವರಣದಲ್ಲಿ ಬೆಳೆದ ಇಲಿಗಳಲ್ಲಿ ತಿರುಳು ಉಳಿದುಕೊಂಡಿತು, ಸಾಮಾನ್ಯ ಇಲಿಗಳಲ್ಲಿ ಕೊಳೆತು ಕೀವಾಯಿತು. 1976ರಲ್ಲಿ ಸುಂಡ್‌ಕ್ವಿಸ್ಟ್ ಪೆಟ್ಟು ಬಿದ್ದ ಹಲ್ಲುಗಳನ್ನೇ ಪರೀಕ್ಷಿಸಿದಾಗ, ಬೇರಿನ ತುದಿಯಲ್ಲಿ ಮೂಳೆ ಕರಗಿದ್ದ ಹಲ್ಲುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕವು, ಕರಗದಿದ್ದವುಗಳಲ್ಲಿ ಸಿಗಲಿಲ್ಲ.

ಕೀವುದಾರಿಯ ಬಾಯೊಳಗೆ 25ನೇ ಸಂಖ್ಯೆಯ ಗಟ್ಟಾಪರ್ಚಾ ಕಡ್ಡಿಯನ್ನು (ನಾಳ ತುಂಬಲು ಬಳಸುವ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ರಬ್ಬರಿನಂಥ ಕಡ್ಡಿ) ಮೆಲ್ಲಗೆ, ತಾನಾಗಿ ಹೋದಷ್ಟು ದೂರ ಮಾತ್ರ ತೂರಿಸಿ ಎಕ್ಸ್‌ರೇ ತೆಗೆಯಲಾಯಿತು. ಕಡ್ಡಿ 31ರ ಬೇರಿನ ತುದಿಗೆ ಬೊಟ್ಟು ಮಾಡಿತ್ತು. ಅಲ್ಲಿ 9 ಮಿ.ಮೀ. ಅಗಲ, 8 ಮಿ.ಮೀ. ಎತ್ತರದ ಕಪ್ಪು ಛಾಯೆ. ಆದರೆ ಛಾಯೆ 31ಕ್ಕೆ ಸೀಮಿತವಾಗಿರಲಿಲ್ಲ, ಪಕ್ಕದ 41ರ, ಅಂದರೆ ಬಲಗಡೆಯ ನಡುವಿನ ಬಾಚಿಹಲ್ಲಿನ, ಬೇರಿನ ತುದಿಯನ್ನೂ ನುಂಗಿತ್ತು.

ಇಲ್ಲಿ ಮೊದಲ ತೀರ್ಮಾನ ಬೇಕಾಯಿತು. ಎಕ್ಸ್‌ರೇ ಒಂದನ್ನೇ ನಂಬಿದರೆ ಎರಡೂ ಹಲ್ಲಿಗೆ ರೂಟ್ ಕೆನಾಲ್ ಮಾಡಬೇಕೆನಿಸುತ್ತದೆ, ಎಷ್ಟೋ ಕಡೆ ಮಾಡಿಯೂ ಬಿಡುತ್ತಾರೆ. ಎಕ್ಸ್‌ರೇ ಮೂರು ಆಯಾಮದ ಮೂಳೆಯನ್ನು ಒಂದು ಹಾಳೆಗೆ ಚಪ್ಪಟೆ ಮಾಡುತ್ತದೆ, ಪಕ್ಕದ ಹಲ್ಲಿನ ಮುಂದೋ ಹಿಂದೋ ಇರುವ ಗುಳಿ ಅದರ ತುದಿಯ ಮೇಲೇ ಇದ್ದಂತೆ ತೋರುತ್ತದೆ. ಆದ್ದರಿಂದ ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ ಆರೂ ಹಲ್ಲುಗಳನ್ನು ಶೀತಪರೀಕ್ಷೆಗೆ ಒಳಪಡಿಸಲಾಯಿತು. ಹತ್ತಿಯುಂಡೆಗೆ ಶೀತಕ ಸಿಂಪಡಿಸಿ ಒಣಗಿಸಿದ ಹಲ್ಲಿನ ಮೇಲೆ ಇಡುವುದು, ಮೊದಲು ದೂರದ ಆರೋಗ್ಯಕರ ಹಲ್ಲಿನಿಂದ ಆರಂಭಿಸುವುದು, ಸಂಶಯದ ಹಲ್ಲನ್ನು ಕೊನೆಗೆ ಮುಟ್ಟುವುದು. ವಿದ್ಯುತ್ ಪರೀಕ್ಷೆಯೂ ಆಯಿತು. ಎರಡನ್ನೂ ಬೇರೆ ಬೇರೆ ದಿನ ಮರುಕಳಿಸಲಾಯಿತು. 41 ಎರಡೂ ಸಲ ಸ್ಪಂದಿಸಿತು, ಅಂದರೆ ಅದರ ತಿರುಳು ಜೀವಂತವಾಗಿತ್ತು. 31 ಒಂದು ಸಲವೂ ಇಲ್ಲ. ಒಸಡಿನ ಸುತ್ತ ಅಳತೆಕಡ್ಡಿ ಎಲ್ಲೆಡೆ 2ರಿಂದ 3 ಮಿ.ಮೀ. ಮಾತ್ರ ಇಳಿಯಿತು. ಒಂದೇ ಕಡೆ ಇಕ್ಕಟ್ಟಾಗಿ ಆಳಕ್ಕೆ ಜಾರಿದ್ದರೆ ಬೇರು ಉದ್ದಕ್ಕೆ ಸೀಳಿರುವ ಅನುಮಾನ ಬರುತ್ತಿತ್ತು, ಆಗ ಹಲ್ಲು ಉಳಿಸುವ ಮಾತೇ ಬೇರೆ.

ತೀರ್ಮಾನ: 31 ಒಂದಕ್ಕೇ ಚಿಕಿತ್ಸೆ. 41 ಕಾವಲಿನಲ್ಲಿ. ಚರ್ಮಕ್ಕೆ ಏನೂ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ಇಲ್ಲ.

ಕೊನೆಯದಕ್ಕೆ ರೋಗಿ ಸುಲಭಕ್ಕೆ ಒಪ್ಪಲಿಲ್ಲ. "ಇಷ್ಟು ಕೀವು ಬರ್ತಾ ಇದೆ, ಮಾತ್ರೆ ಬೇಡ್ವಾ ಡಾಕ್ಟ್ರೇ?" ಎಂಬುದು ನ್ಯಾಯವಾದ ಪ್ರಶ್ನೆ. ಮಾತ್ರೆ ರಕ್ತದಲ್ಲಿ ಹರಿಯುತ್ತದೆ, ಸತ್ತ ತಿರುಳಿರುವ ನಾಳದೊಳಗೆ ರಕ್ತವೇ ಹರಿಯುವುದಿಲ್ಲ. ಬೇರಿನ ಹೊರಗೆ ಚೆಲ್ಲಿದ ಸೋಂಕನ್ನು ಮಾತ್ರೆ ತಾತ್ಕಾಲಿಕವಾಗಿ ತಗ್ಗಿಸುತ್ತದೆ, ಒಳಗಿನ ಮೂಲ ಹಾಗೇ ಕೂತಿರುತ್ತದೆ. ಮೂರು ಕೋರ್ಸಿನ ಇತಿಹಾಸವೇ ಅದಕ್ಕೆ ಉದಾಹರಣೆಯಾಗಿ ಎದುರಿಗಿತ್ತು. ಜ್ವರ, ಹಬ್ಬುತ್ತಿರುವ ಬಾವು, ನುಂಗಲು ಕಷ್ಟ, ರೋಗನಿರೋಧಕ ಶಕ್ತಿ ಕುಂದಿರುವುದು, ಇವುಗಳಲ್ಲಿ ಒಂದಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಮೊದಲ ಭೇಟಿ

ಅಡಿಕೆ ಕೊಯ್ಲು ಹತ್ತಿರವಿತ್ತು. ಒಂದೇ ದಿನಕ್ಕೆ ಮುಗಿಸಿಕೊಡಿ ಎಂದು ರೋಗಿ ಕೇಳಿದರು. ಬೇರಿನ ತುದಿಯ ಸೋಂಕಿದ್ದರೂ ಒಂದೇ ಭೇಟಿಯಲ್ಲಿ ಮುಗಿಸಬಹುದಾದ ಹಲ್ಲುಗಳುಂಟು. ಆದರೆ ನಾಳ ಒಣಗದಿದ್ದರೆ ತುಂಬುವಂತಿಲ್ಲ, ಸೋರುತ್ತಿರುವ ಕೀವುದಾರಿಯ ಹಲ್ಲಿನಲ್ಲಿ ಒಣಗುವ ಭರವಸೆ ಕಡಿಮೆ. ನಡುವೆ ಮದ್ದಿಟ್ಟು ಎರಡು ಭೇಟಿಯಲ್ಲಿ ಮುಗಿಸುವುದೆಂದಾಯಿತು.

ಸ್ಥಳೀಯ ಅರಿವಳಿಕೆ, ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್). ಕೆಳಗಿನ ಬಾಚಿಹಲ್ಲುಗಳು ಒಂದರಂತೆ ಒಂದಿರುತ್ತವೆ. ಡ್ಯಾಮ್ ಹಾಕಿದ ಮೇಲೆ ಎಣಿಕೆ ತಪ್ಪಿ ಪಕ್ಕದ ಜೀವಂತ ಹಲ್ಲನ್ನು ಕೊರೆದ ಪ್ರಸಂಗಗಳು ಇಲ್ಲದಿಲ್ಲ. ಹಾಗಾಗಿ ಡ್ಯಾಮ್ ಹಾಕುವ ಮುನ್ನವೇ 31ರ ಮೇಲೆ ಗುರುತು ಮಾಡಿಕೊಳ್ಳಲಾಯಿತು. ನಾಲಿಗೆ ಬದಿಯಿಂದ ತ್ರಿಕೋನಾಕಾರದ ಚಿಕ್ಕ ಕಿಂಡಿ ಕೊರೆದು ತಿರುಳಿನ ಕೋಣೆ ತೆರೆಯಲಾಯಿತು. ಒಳಗೆ ಒಣಗಿದ, ಕಂದುಬಣ್ಣದ ಅವಶೇಷ.

10ನೇ ಸಂಖ್ಯೆಯ ಫೈಲ್ (ನಾಳ ಸವೆಸುವ ಸಪೂರ ಉಪಕರಣ, ಸಂಖ್ಯೆ ಹೆಚ್ಚಿದಂತೆ ದಪ್ಪ ಹೆಚ್ಚು) ಸಲೀಸಾಗಿ ಇಳಿಯಿತು. ಬೇರಿನ ತುದಿ ಎಲ್ಲಿದೆಯೆಂದು ಅಳೆಯುವ ಅಪೆಕ್ಸ್ ಲೊಕೇಟರ್ ಯಂತ್ರ 21 ಮಿ.ಮೀ.ಗೆ ಶೂನ್ಯ ತೋರಿಸಿತು, ಅರ್ಧ ಮಿ.ಮೀ. ಕಳೆದು ಕೆಲಸದ ಉದ್ದ 20.5 ಎಂದಿಟ್ಟುಕೊಂಡು 15ನೇ ಸಂಖ್ಯೆಯ ಫೈಲಿನೊಂದಿಗೆ ನೇರ ಕೋನದ ಎಕ್ಸ್‌ರೇಯಲ್ಲಿ ಖಚಿತಪಡಿಸಲಾಯಿತು. ತುದಿಯಲ್ಲಿ 30ನೇ ಸಂಖ್ಯೆ, 4% ಇಳಿಜಾರಿನವರೆಗೆ ನಾಳ ಅಗಲಿಸಲಾಯಿತು. ಪ್ರತಿ ಫೈಲಿನ ನಡುವೆ ತೊಳೆಯಲು 3% ಸೋಡಿಯಂ ಹೈಪೋಕ್ಲೋರೈಟ್ ದ್ರವ, ಒಟ್ಟು 20 ಮಿ.ಲೀ.

ತೊಳೆಯುವ ಸೂಜಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಈ ಹಲ್ಲಿನಲ್ಲಿ ಬೇರಿನ ತುದಿಯಾಚೆ ಮೂಳೆಯಿಲ್ಲ, ಅಲ್ಲಿಂದ ಚರ್ಮದವರೆಗೆ ತೆರೆದ ದಾರಿಯಿದೆ. ಸೂಜಿ ನಾಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವಾಗ ಒತ್ತಿದರೆ ಹೈಪೋಕ್ಲೋರೈಟ್ ಹಿಂದಕ್ಕೆ ಬರುವ ಬದಲು ಅಂಗಾಂಶಕ್ಕೆ ನುಗ್ಗುತ್ತದೆ. ಕ್ಷಣಾರ್ಧದಲ್ಲಿ ಉರಿ, ಬಾವು, ಕಪ್ಪುನೀಲಿ ಕಲೆ. 30 ಗೇಜಿನ, ಪಕ್ಕದಲ್ಲಿ ತೂತಿರುವ ಸೂಜಿಗೆ 18.5 ಮಿ.ಮೀ.ನಲ್ಲಿ ರಬ್ಬರ್ ತಡೆ ಹಾಕಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಲೇ, ಹೆಬ್ಬೆರಳಿನಿಂದಲ್ಲದೆ ತೋರುಬೆರಳಿನಿಂದ ಒತ್ತಲಾಯಿತು. ಹೆಬ್ಬೆರಳಿಗೆ ಬಲ ಹೆಚ್ಚು, ಅಂದಾಜು ಕಡಿಮೆ.

ಕೊನೆಗೆ ನಾಳದ ಗೋಡೆಗೆ ಅಂಟಿದ ಪದರ ತೆಗೆಯುವ 17% ಇಡಿಟಿಎ ದ್ರವ ಒಂದು ನಿಮಿಷ, ಲವಣಜಲ, ಕಾಗದದ ಕಡ್ಡಿಗಳಿಂದ ಒಣಗಿಸುವುದು. ಆಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟು. ಇದು ಎಲೆಗೆ ಹಚ್ಚುವ ಸುಣ್ಣವೇ, ಶುದ್ಧ ರೂಪದಲ್ಲಿ. 1920ರಲ್ಲಿ ಹರ್ಮನ್ ದಂತಚಿಕಿತ್ಸೆಗೆ ತಂದ ಈ ಮದ್ದಿನ ಪಿ.ಎಚ್. ಸುಮಾರು 12.5. ಆ ಕ್ಷಾರದಲ್ಲಿ ನಾಳದ ಹೆಚ್ಚಿನ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಗದ್ದದ ಮೇಲೆ ಸುಣ್ಣ ಹಚ್ಚಿದವರು ಮದ್ದನ್ನು ತಪ್ಪಾಗಿ ಆರಿಸಿರಲಿಲ್ಲ, ಜಾಗ ಮಾತ್ರ ಎರಡು ಸೆಂಟಿಮೀಟರ್ ಆಚೆಯಾಗಿತ್ತು. ಕಿಂಡಿಗೆ ಹತ್ತಿ ಇಟ್ಟು ತಾತ್ಕಾಲಿಕ ಸಿಮೆಂಟ್ ಹಾಕಿ, 14 ದಿನ ಬಿಟ್ಟು ಬರಲು ಹೇಳಲಾಯಿತು.

ಕೀವು ನಿಲ್ಲಲಿಲ್ಲ

ನಾಳ ಸರಿಯಾಗಿ ಸ್ವಚ್ಛವಾದರೆ ಇಂಥ ಕೀವುದಾರಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಮುಚ್ಚುತ್ತದೆ. ಚಿಕಿತ್ಸೆ ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗಡಿಯಾರ ಇಲ್ಲ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ತಿಂಗಳುಗಳು ಬೇಕು, ಚರ್ಮ ವಾರದಲ್ಲೇ ಹೇಳಿಬಿಡುತ್ತದೆ.

14ನೇ ದಿನ ಕುರು ಸೋರುತ್ತಲೇ ಇತ್ತು. ಕಿಂಡಿ ಬಿಚ್ಚಿದಾಗ ಒಂದು ಕಾರಣ ಕಣ್ಣಿಗೆ ಬಿತ್ತು. ತಾತ್ಕಾಲಿಕ ಸಿಮೆಂಟಿನ ದಪ್ಪ 2 ಮಿ.ಮೀ. ಮಾತ್ರ, ಒಳಗಿನ ಹತ್ತಿ ಒದ್ದೆ. ಕನಿಷ್ಠ 3.5 ಮಿ.ಮೀ. ಇಲ್ಲದಿದ್ದರೆ ಎಂಜಲು ಒಳನುಗ್ಗುತ್ತದೆ. ಬಾಚಿಹಲ್ಲಿನ ಕಿಂಡಿ ಆಳವಿಲ್ಲದ್ದರಿಂದ ಹತ್ತಿ ತುಸು ಹೆಚ್ಚಾದರೂ ಸಿಮೆಂಟಿಗೆ ಜಾಗ ಸಾಲದು. ಸೋರಿಕೆಯಿಂದಲೇ ಹೀಗಾಗಿದೆ ಎಂದುಕೊಂಡು ಮತ್ತೆ ತೊಳೆದು, ಹೊಸ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ, ಈ ಸಲ ಹತ್ತಿಯ ಬದಲು ಚಿಕ್ಕ ಟೆಫ್ಲಾನ್ ಪಟ್ಟಿ ಇಟ್ಟು 4 ಮಿ.ಮೀ. ಸಿಮೆಂಟ್ ಹಾಕಲಾಯಿತು.

ತಪ್ಪು ನಿಜವಾದದ್ದೇ, ತಿದ್ದಿದ್ದೂ ಸರಿಯೇ. ಆದರೆ ಸಿಕ್ಕ ಮೊದಲ ತಪ್ಪೇ ಪೂರ್ತಿ ಕಾರಣ ಎಂದು ನಂಬಿ ಹುಡುಕಾಟ ನಿಲ್ಲಿಸಿದ್ದರಿಂದ ಇನ್ನೆರಡು ವಾರ ಹೋಯಿತು. 28ನೇ ದಿನ ಸಿಮೆಂಟ್ ಗಟ್ಟಿಯಾಗಿತ್ತು, ಟೆಫ್ಲಾನ್ ಒಣಗಿತ್ತು, ನಾಳದ ಪೇಸ್ಟು ಇಟ್ಟಂತೆಯೇ ಇತ್ತು. ಕೀವು ಮಾತ್ರ ಹಾಗೆಯೇ ಸೋರುತ್ತಿತ್ತು.

"ಸಾಕು ಡಾಕ್ಟ್ರೇ, ಈ ಹಲ್ಲು ಕಿತ್ತುಬಿಡಿ. ಇರೋದೆಷ್ಟು ದೊಡ್ಡದು?" ಎಂದರು ರೋಗಿ. ಮೇಜಿನ ಮೇಲೆ ಬೇರೆ ದಾರಿಗಳೂ ಇದ್ದವು. ಮದ್ದು ಬದಲಿಸಿ ಮೂರು ಆ್ಯಂಟಿಬಯೋಟಿಕ್‌ಗಳ ಪೇಸ್ಟು ಇಡುವುದು ಒಂದು. ಅದರಲ್ಲಿನ ಮಿನೊಸೈಕ್ಲಿನ್ ಮುಂಭಾಗದ ಹಲ್ಲನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಜೆಲ್ ಇನ್ನೊಂದು. ನಾಳದಲ್ಲಿ ಹೈಪೋಕ್ಲೋರೈಟ್ ಉಳಿದಿರುವಾಗ ಅದನ್ನು ಹಾಕಿದರೆ ಕಂದು-ಕೇಸರಿ ಗಸಿ ಕಟ್ಟಿ ನಾಳದ ಗೋಡೆಗೆ ಅಂಟುತ್ತದೆ, ನಡುವೆ ಚೆನ್ನಾಗಿ ತೊಳೆಯಬೇಕು. ಮೂರನೆಯದು ಒಸಡು ಬಿಡಿಸಿ ಬೇರಿನ ತುದಿ ಕತ್ತರಿಸುವ ಶಸ್ತ್ರಚಿಕಿತ್ಸೆ. 9 ಮಿ.ಮೀ. ಛಾಯೆ ಅಂದರೆ ಸಿಸ್ಟ್ (ಒಳಪದರವಿರುವ ದ್ರವದ ಚೀಲ) ಇರಬೇಕು, ಸಿಸ್ಟ್ ರೂಟ್ ಕೆನಾಲ್‌ಗೆ ಬಗ್ಗುವುದಿಲ್ಲ ಎಂಬ ವಾದ ಇಂಥ ಹೊತ್ತಿನಲ್ಲಿ ಬಂದೇ ಬರುತ್ತದೆ. ಎಕ್ಸ್‌ರೇ ನೋಡಿ ಸಿಸ್ಟೋ, ಉರಿಯೂತದ ಗಂಟಾದ ಗ್ರ್ಯಾನುಲೋಮವೋ ಹೇಳಲಾಗದು. 1996ರಲ್ಲಿ ನಾಯರ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳಿಗೆ ಅಂಟಿಕೊಂಡು ಬಂದ 256 ಬೇರುತುದಿ ಗಂಟುಗಳನ್ನು ಸಾಲು ಛೇದಗಳಲ್ಲಿ ನೋಡಿದಾಗ ಸಿಸ್ಟ್ ಎಂದು ಒಪ್ಪಬಹುದಾದದ್ದು 15% ಮಾತ್ರ, ಅದರಲ್ಲೂ ನಾಳದ ಸಂಪರ್ಕವಿಲ್ಲದ ನಿಜಸಿಸ್ಟ್ ಒಟ್ಟು ಗಂಟುಗಳ 9%.

ಈ ಎಲ್ಲ ದಾರಿಗಳೂ ಒಂದು ವಿಷಯವನ್ನು ಒಪ್ಪಿಕೊಂಡೇ ಹೊರಡುತ್ತವೆ: ನಾಳವನ್ನು ಪೂರ್ತಿ ತೊಳೆದಾಗಿದೆ ಎಂಬುದನ್ನು. ಅದು ನಿಜವೇ ಎಂದು ಅಲ್ಲಿಯವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

ಓರೆ ಎಕ್ಸ್‌ರೇ

ಮೊದಲ ದಿನದ ಎಕ್ಸ್‌ರೇಯನ್ನು ದೊಡ್ಡದು ಮಾಡಿ ಮತ್ತೆ ನೋಡಲಾಯಿತು. ನಾಳದ ಕಪ್ಪುಗೆರೆ ಮೇಲಿನ ಮೂರನೇ ಒಂದು ಭಾಗದಲ್ಲಿ ಢಾಳಾಗಿದೆ, ಅಲ್ಲಿಂದ ಕೆಳಗೆ ಒಮ್ಮೆಲೇ ಮಸುಕು. ಅಗಲ ನಾಳ ಹೀಗೆ ಇದ್ದಕ್ಕಿದ್ದಂತೆ ತೆಳುವಾದರೆ ಅದು ಕವಲೊಡೆದಿರುವ ಸೂಚನೆ. ನಾಲ್ಕು ವಾರದಿಂದ ಆ ಚಿತ್ರ ಕಡತದಲ್ಲೇ ಇತ್ತು.

ಕೆಳಗಿನ ಬಾಚಿಹಲ್ಲು ಮುಂದಿನಿಂದ ನೋಡಲು ಸಪೂರ, ಆದರೆ ಅದರ ಬೇರು ತುಟಿಯಿಂದ ನಾಲಿಗೆಯ ಕಡೆಗೆ ಅಗಲವಾದ ಪಟ್ಟಿಯಂತೆ ಇರುತ್ತದೆ. ಆ ಅಗಲದಲ್ಲಿ ಒಂದರ ಹಿಂದೆ ಒಂದು ಎರಡು ನಾಳಗಳಿರುವುದು ಅಪರೂಪವಲ್ಲ. 1974ರ ಬೆಂಜಮಿನ್ ಮತ್ತು ಡೌಸನ್ ಅಧ್ಯಯನದಲ್ಲಿ ಇಂಥವು ಸುಮಾರು 41%. ಹೆಚ್ಚಿನವು ತುದಿಗೆ ಮುಂಚೆ ಮತ್ತೆ ಕೂಡುತ್ತವೆ, ಎರಡು ಬೇರೆ ಬಾಯಿ ಇರುವುದು ವಿರಳ. ನೇರ ಕೋನದ ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ಕೂತು ಎರಡೂ ಒಂದೇ ಆಗಿ ಕಾಣುತ್ತವೆ.

ಸಪೂರದ 15ನೇ ಫೈಲನ್ನು ನಾಳದಲ್ಲಿಟ್ಟು, ಎಕ್ಸ್‌ರೇ ಕೊಳವೆಯನ್ನು ರೋಗಿಯ ಎಡಕ್ಕೆ ಸುಮಾರು 20 ಡಿಗ್ರಿ ಸರಿಸಿ ಇನ್ನೊಂದು ಚಿತ್ರ ತೆಗೆಯಲಾಯಿತು. ಬೇರಿನ ನಡುವೆ ಇರಬೇಕಿದ್ದ ಫೈಲ್ ಈಗ ಬಲಗೋಡೆಗೆ, ಅಂದರೆ ನಡುಗೆರೆಯ ಬದಿಗೆ, ಆತುಕೊಂಡಿತ್ತು. ಎಡಗಡೆಗೆ ಖಾಲಿ ಜಾಗ. ಕೊಳವೆ ಸರಿಸಿದ ದಿಕ್ಕಿಗೇ ಸರಿಯುವುದು ನಾಲಿಗೆ ಬದಿಯ ವಸ್ತು, ಎದುರು ದಿಕ್ಕಿಗೆ ಸರಿಯುವುದು ತುಟಿ ಬದಿಯದು. ಫೈಲ್ ಎದುರು ದಿಕ್ಕಿಗೆ ಸರಿದಿತ್ತು. ಅದು ಕೂತಿದ್ದದ್ದು ತುಟಿ ಬದಿಯ ನಾಳದಲ್ಲಿ. ನಾಲ್ಕು ವಾರ ಯಾರೂ ಮುಟ್ಟದೆ ಉಳಿದದ್ದು ನಾಲಿಗೆ ಬದಿಯದು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮುಟ್ಟಿದ ಕಡೆ ಕೆಲಸ ಮಾಡುವ ಮದ್ದು, ಮುಟ್ಟದ ನಾಳದಲ್ಲಿ ಅದು ಏನೂ ಮಾಡಲಾರದು.

ನಾಲಿಗೆ ಬದಿಯಿಂದಲೇ ಕಿಂಡಿ ಕೊರೆದಿದ್ದರೂ ನಾಲಿಗೆ ಬದಿಯ ನಾಳವೇ ತಪ್ಪಿತು ಎಂಬುದು ವಿಚಿತ್ರವಾಗಿ ಕಾಣಬಹುದು. ಕಿಂಡಿಯಿಂದ ಓರೆಯಾಗಿ ಇಳಿಯುವ ಫೈಲ್ ಸಹಜವಾಗಿ ತುಟಿಯ ಕಡೆಗಿನ ಗೋಡೆಗೆ ತಾಗಿ ಅಲ್ಲಿನ ನಾಳಕ್ಕೇ ಜಾರುತ್ತದೆ. ಎರಡನೇ ನಾಳದ ಬಾಯಿ ಹಿಂದೆ, ಹಲ್ಲಿನ ಉಬ್ಬಿನ ಕೆಳಗಿರುವ ಡೆಂಟಿನಿನ ಚಾಚಿನ ಅಡಿಯಲ್ಲಿ, ಸೂರಿನ ಕೆಳಗೆ ನಿಂತಂತೆ ಅಡಗಿರುತ್ತದೆ. ಮೇಲ್ದವಡೆಯ ಬಾಚಿಹಲ್ಲಿನ ರೂಢಿಯಲ್ಲಿ ತ್ರಿಕೋನ ಕಿಂಡಿ ಕೊರೆದರೆ ಆ ಸೂರು ಹಾಗೇ ಉಳಿಯುತ್ತದೆ. ಕೆಳಗಿನ ಬಾಚಿಹಲ್ಲಿಗೆ ಬೇಕಾದದ್ದು ಪಕ್ಕಕ್ಕೆ ಕಿರಿದಾದ, ತುಟಿ-ನಾಲಿಗೆ ದಿಕ್ಕಿಗೆ ಉದ್ದವಾದ ಮೊಟ್ಟೆಯಾಕಾರ.

ಕಿಂಡಿಯನ್ನು ಮೇಲೆ ಹಲ್ಲಿನ ಅಂಚಿನ ಕಡೆಗೂ ಕೆಳಗೆ ಉಬ್ಬಿನ ಕಡೆಗೂ ಹಿಗ್ಗಿಸಿ, ವರ್ಧಕ ಕನ್ನಡಕದಡಿ ಅಲ್ಟ್ರಾಸಾನಿಕ್ ತುದಿಯಿಂದ ಆ ಚಾಚನ್ನು ಸವೆಸಲಾಯಿತು. ಪಕ್ಕದ ಗೋಡೆಗಳನ್ನು ಮುಟ್ಟಲಿಲ್ಲ. ಅಲ್ಲಿ ದಪ್ಪ ತೀರಾ ಕಡಿಮೆ, ತೂತು ಬೀಳಲು ಹೊತ್ತು ಬೇಡ. 8ನೇ ಸಂಖ್ಯೆಯ ಫೈಲಿನ ತುದಿಯ 1 ಮಿ.ಮೀ.ಯನ್ನು ಬಾಗಿಸಿ, ಬಾಗನ್ನು ನಾಲಿಗೆಯ ಕಡೆ ತಿರುಗಿಸಿ, ಗೋಡೆ ಸವರುತ್ತ ಇಳಿಸಲಾಯಿತು. ಮೂರನೇ ಯತ್ನಕ್ಕೆ ಫೈಲ್ ಕಚ್ಚಿಕೊಂಡಿತು. ಮೆಲ್ಲಗೆ ತಿರುಗಿಸುತ್ತ ಹೋದಂತೆ ಇಳಿಯಿತು, ಹೊರತೆಗೆದಾಗ ಅದರ ಎಳೆಗಳ ನಡುವೆ ಕಪ್ಪು ಕೊಳೆ, ಗಬ್ಬು ವಾಸನೆ.

ಎರಡು ನಾಳ ಕೂಡುವ ಜಾಗ ತಿಳಿಯಲು ಸರಳ ಉಪಾಯವಿದೆ. ತುಟಿ ಬದಿಯ ನಾಳದಲ್ಲಿ ಪೂರ್ತಿ ಉದ್ದಕ್ಕೆ ಒಂದು ಗಟ್ಟಾಪರ್ಚಾ ಕಡ್ಡಿ ಇಟ್ಟು, ನಾಲಿಗೆ ಬದಿಯದರಲ್ಲಿ ಫೈಲ್ ಇಳಿಸಬೇಕು. ಫೈಲ್ 17.5 ಮಿ.ಮೀ.ನಲ್ಲಿ ನಿಂತಿತು. ಕಡ್ಡಿ ತೆಗೆದರೆ 20.5ರವರೆಗೆ ಹೋಯಿತು, ಕಡ್ಡಿಯ ಪಕ್ಕದಲ್ಲಿ ಫೈಲ್ ತಾಗಿದ ಗೀರೂ ಇತ್ತು. ಕೆಲಸದ ಉದ್ದಕ್ಕಿಂತ 3 ಮಿ.ಮೀ. ಮೇಲೆ ಎರಡೂ ಕೂಡಿ, ಒಂದೇ ಬಾಯಿಂದ ಹೊರಬೀಳುತ್ತಿದ್ದವು. ಒಂದು ನಾಳವನ್ನು ಎಷ್ಟು ತೊಳೆದರೂ ಇನ್ನೊಂದರ ಕೊಳೆ ಅದೇ ಬಾಯಿಗೆ ಇಳಿಯುತ್ತಲೇ ಇತ್ತು.

ನಾಲಿಗೆ ಬದಿಯ ನಾಳವನ್ನು 25ನೇ ಸಂಖ್ಯೆಗೇ ನಿಲ್ಲಿಸಲಾಯಿತು. ಎರಡರ ನಡುವಿನ ಸಂದಿಗೆ ಫೈಲ್ ತಲುಪದು. ಅಲ್ಲಿಗೆ ಹೈಪೋಕ್ಲೋರೈಟ್ ತುಂಬಿ ಅಲ್ಟ್ರಾಸಾನಿಕ್‌ನಿಂದ 20 ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲ ಹೊಸ ದ್ರವ ಹಾಕಿ ಕದಡಲಾಯಿತು. ಮದ್ದು ಬದಲಿಸಲಿಲ್ಲ. ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಈಗ ಎರಡೂ ನಾಳಕ್ಕೆ.

ಮೂರು ಆಯಾಮದ ಸ್ಕ್ಯಾನ್ ಮೊದಲೇ ಮಾಡಿಸಿದ್ದರೆ ಎಂಬ ಪ್ರಶ್ನೆ ಏಳುತ್ತದೆ. ಎರಡನೇ ನಾಳ ಆಗಲೇ ಕಾಣುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ಕ್ಯಾನಿಗೆ ರೋಗಿ ಬೇರೆ ಊರಿಗೆ ಹೋಗಬೇಕಿತ್ತು, ಖರ್ಚು, ವಿಕಿರಣ ಎರಡೂ ಹೆಚ್ಚು. ಓರೆ ಎಕ್ಸ್‌ರೇಗೆ ಬೇಕಾದದ್ದು ಕೊಳವೆ ಸರಿಸುವ ಅರ್ಧ ನಿಮಿಷ. ಓರೆ ಚಿತ್ರದಲ್ಲೂ ಉತ್ತರ ಸಿಗದಿದ್ದರೆ ಸ್ಕ್ಯಾನಿಗೆ ಕಳಿಸುವುದೆಂದೇ ನಿಶ್ಚಯವಾಗಿತ್ತು.

ಆಮೇಲೆ

ಒಂಬತ್ತನೇ ದಿನ ರೋಗಿ ಫೋನ್ ಮಾಡಿ ದಿಂಬಿನ ಮೇಲೆ ಕಲೆ ಬೀಳುವುದು ನಿಂತಿದೆ ಎಂದರು. ಮೂರು ವಾರಕ್ಕೆ ಬಂದಾಗ ಕೀವುದಾರಿಯ ಬಾಯಿ ಮುಚ್ಚಿ ಗುಲಾಬಿ ಬಣ್ಣದ ಚರ್ಮ ಬೆಳೆದಿತ್ತು, ಒಳಗಿನ ಎಳೆ ಮೆತ್ತಗಾಗಿತ್ತು. ಹಲ್ಲು ತಟ್ಟಿದರೆ ನೋವಿಲ್ಲ, ಕಾಗದದ ಕಡ್ಡಿ ಒಣಗಿಯೇ ಹೊರಬಂತು.

ತುಂಬುವ ಮುನ್ನ ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಇಡಿಟಿಎ ಮತ್ತು ಅಲ್ಟ್ರಾಸಾನಿಕ್‌ನಿಂದ ಸಾಧ್ಯವಾದಷ್ಟು ತೆಗೆಯಲಾಯಿತು. ಗೋಡೆಗೆ ಅಂಟಿ ಉಳಿದರೆ ಆಮೇಲೆ ಹಾಕುವ ಸೀಲರ್ ಹಿಡಿಯುವುದಿಲ್ಲ. ತುಟಿ ಬದಿಗೆ 30ನೇ ಸಂಖ್ಯೆಯ ಕಡ್ಡಿ 20.5 ಮಿ.ಮೀ.ಗೆ, ನಾಲಿಗೆ ಬದಿಗೆ 25ನೇ ಸಂಖ್ಯೆಯದು ಕೂಡುವ ಜಾಗದವರೆಗೆ, ಸಂದುಗಳನ್ನು ಮುಚ್ಚುವ ಎಪಾಕ್ಸಿ ರಾಳದ ಅಂಟಿನ (ಸೀಲರ್) ಜೊತೆ. ಮೇಲಿನ ಗಟ್ಟಾಪರ್ಚಾವನ್ನು ಒಸಡಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ, ಅದೇ ದಿನ ಕಾಂಪೊಸಿಟ್‌ನಿಂದ ಕಿಂಡಿ ಮುಚ್ಚಲಾಯಿತು. ಕ್ಯಾಪ್ ಬೇಕಾಗಲಿಲ್ಲ.

6 ತಿಂಗಳಿಗೆ ಛಾಯೆ 5 ಮಿ.ಮೀ.ಗೆ ಇಳಿದಿತ್ತು, ಅಂಚಿನಿಂದ ಒಳಕ್ಕೆ ಮೂಳೆಯ ಎಳೆಗಳು ಬರತೊಡಗಿದ್ದವು. 12 ತಿಂಗಳಿಗೆ ಬೇರಿನ ತುದಿಯ ಸುತ್ತ ಅಗಲವಾದ ಗೆರೆ ಮಾತ್ರ. 24 ತಿಂಗಳಿಗೆ ಮೂಳೆಯ ಬಿಳಿಗೆರೆ ತುಂಡಾಗದೆ ತುದಿಯನ್ನು ಸುತ್ತಿತ್ತು. 41 ಪ್ರತಿ ತಪಾಸಣೆಯಲ್ಲೂ ಶೀತಕ್ಕೆ ಸ್ಪಂದಿಸಿದೆ. ಮೊದಲ ದಿನವೇ ಅದನ್ನೂ ಕೊರೆದಿದ್ದರೆ ಎರಡೂ ಹಲ್ಲಿನ ಚಿಕಿತ್ಸೆಯಿಂದ ಗುಣವಾಯಿತೆಂದು ದಾಖಲಾಗುತ್ತಿತ್ತು, ಒಂದು ಜೀವಂತ ಹಲ್ಲು ಸತ್ತದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಕೆಲಸಕ್ಕೆ ಬರುವುದು

ಚರ್ಮ ನೋಡುವವರಿಗೆ: ಗದ್ದ, ದವಡೆಯಂಚು, ಕೆನ್ನೆ, ಮೂಗಿನ ಪಕ್ಕ ಈ ಜಾಗಗಳಲ್ಲಿ ಒಂದು ಕೋರ್ಸಿಗೆ ಬಗ್ಗದ ಕುರು ಕಂಡರೆ ಕತ್ತರಿಸುವ ಮೊದಲು ಬಾಯೊಳಗೆ ಬೆರಳಿಟ್ಟು ಎಳೆ ಹುಡುಕುವುದು, ಒಂದು ಹಲ್ಲಿನ ಎಕ್ಸ್‌ರೇ ತೆಗೆಸುವುದು. ಹುಳುಕಿಲ್ಲದ ಹಲ್ಲೂ ಕಾರಣವಾಗಬಹುದು, ಹಳೆಯ ಪೆಟ್ಟಿನ ಬಗ್ಗೆ ಎರಡು ಸಲ ಕೇಳಬೇಕು.

ಹಲ್ಲಿನವರಿಗೆ: ಕೆಳಗಿನ ಬಾಚಿಹಲ್ಲಿನಲ್ಲಿ ಎರಡು ನಾಳ ಇದೆ ಎಂದುಕೊಂಡೇ ಕಿಂಡಿ ತೆರೆಯುವುದು, ಇಲ್ಲವೆಂದು ಖಚಿತವಾದ ಮೇಲೆ ಬಿಡುವುದು. ಉದ್ದ ನೋಡುವ ಎಕ್ಸ್‌ರೇಯನ್ನು ಹೇಗೂ ತೆಗೆಯುತ್ತೇವೆ, ಅದನ್ನೇ ಓರೆಯಾಗಿ ತೆಗೆದರೆ ಹೆಚ್ಚುವರಿ ವಿಕಿರಣವೂ ಇಲ್ಲ. ಎರಡು ವಾರದಲ್ಲಿ ಕೀವುದಾರಿ ಮುಚ್ಚದಿದ್ದರೆ ಮದ್ದಿನ ಬಾಟಲಿಗಿಂತ ಮೊದಲು ಎಕ್ಸ್‌ರೇಯ ಕಡೆ ಕೈ ಹೋಗಬೇಕು. ನಾಳಗಳೆಲ್ಲ ಸಿಕ್ಕು, ತೊಳೆದು, ಭದ್ರವಾಗಿ ಮುಚ್ಚಿದ ಮೇಲೂ ಸೋರುತ್ತಿದ್ದರೆ ಆಗ ಬೇರಿನ ಬಿರುಕು, ತುದಿಯಾಚೆ ನೆಲೆಸಿದ ಸೋಂಕು, ನಿಜಸಿಸ್ಟ್ ಇವನ್ನು ಯೋಚಿಸುವುದು. ಶಸ್ತ್ರಚಿಕಿತ್ಸೆಗೆ ಅರ್ಥ ಬರುವುದು ಆ ಹಂತದಲ್ಲಿ.

ಉಳಿದದ್ದು ಎರಡು ವಿಷಯ. ಹಲ್ಲಿನ ಬೂದು ಬಣ್ಣಕ್ಕೆ ಒಳಗಿನಿಂದ ಬಿಳುಪು ಮಾಡಬಹುದಿತ್ತು, ರೋಗಿಗೆ ಬೇಡವಾಯಿತು. ಗದ್ದದ ಮೇಲೆ, ಹಿಂದೆ ಹೊಲಿಗೆ ಹಾಕಿದ ಜಾಗದಲ್ಲಿ ಚರ್ಮ ಮೂಳೆಗೆ ಅಂಟಿ ಒಂದು ಗುಳಿ ಉಳಿದಿದೆ. ವರ್ಷ ಕಳೆದ ಮೇಲೂ ಅದು ತುಂಬಿಕೊಳ್ಳದಿದ್ದಾಗ ಅಂಟು ಬಿಡಿಸುವ ಚಿಕ್ಕ ಶಸ್ತ್ರಕ್ರಿಯೆಯ ಬಗ್ಗೆ ಹೇಳಲಾಯಿತು. "ಗಡ್ಡ ಬಿಟ್ರೆ ಕಾಣಲ್ಲ ಬಿಡಿ ಡಾಕ್ಟ್ರೇ" ಎಂದು ಅವರು ಅದನ್ನೂ ಬೇಡವೆಂದರು.